ತಾಯಿ ಕಾರ್ಡ್ ಬರುವ ಮೊದಲಿನ ನಾಲ್ಕು ವಾರ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲಿ ಕೂಸೊಂದು ಬೆನ್ನ ಮೇಲೆ ನೀರುಗುಳ್ಳೆಯಂಥ ಗಂಟು ಹೊತ್ತು ಹುಟ್ಟಿದರೆ ಮನೆಯಲ್ಲಿ ಎರಡು ಮಾತು ಏಳುತ್ತವೆ. ಹಿರಿಯರು ಗ್ರಹಣದ ಲೆಕ್ಕ ಹಾಕುತ್ತಾರೆ. ಅವತ್ತು ಬಸುರಿ ಹೊರಗೆ ಬಂದಿದ್ದಳಾ, ಈಳಿಗೆ ಮುಟ್ಟಿದ್ದಳಾ ಎಂದು ಕೇಳುತ್ತಾರೆ. ಕಾಲೇಜಿನ ಮೆಟ್ಟಿಲು ಹತ್ತಿದವರು ಅದನ್ನು ಒಪ್ಪುವುದಿಲ್ಲ. "ಗ್ರಹಣಾ ಏನೂ ಅಲ್ಲ, ಅದು ಜೀನ್ಸ್‌ನಾಗ ಇರತೈತಿ. ಆಕಿ ತವರಮನಿ ಕಡಿಂದ ಬಂದಿರಬೇಕು" ಎನ್ನುತ್ತಾರೆ. ಮಾತು ಬೇರೆ ಬೇರೆ, ಮುಟ್ಟುವ ಜಾಗ ಒಂದೇ. ಎರಡರಲ್ಲೂ ಬೆರಳು ತಾಯಿಯ ಕಡೆಗೆ ತಿರುಗುತ್ತದೆ. ಎರಡೂ "ಆಗೋದು ಆಗೇ ತೀರತಿತ್ತು" ಎಂಬಲ್ಲಿಗೆ ಬಂದು ನಿಲ್ಲುತ್ತವೆ.

ಗ್ರಹಣದ ಭಯವನ್ನು ಪ್ರಶ್ನಿಸುವವರು ಊರಿಗೆ ನಾಲ್ಕು ಮಂದಿಯಾದರೂ ಸಿಗುತ್ತಾರೆ. ಆದ್ದರಿಂದ ನನ್ನ ತಕರಾರು ಎರಡನೆಯ ಮಾತಿನ ಮೇಲೆ. ಅದು ವಿಜ್ಞಾನದ ಉಡುಪು ತೊಟ್ಟು ಬಂದದ್ದರಿಂದ ಯಾರೂ ತಡೆದು ಕೇಳುವುದಿಲ್ಲ. ಆದರೆ ಬೆನ್ನುಹುರಿಯ ಜೀನ್‌ಗಳ ಬಗ್ಗೆ ವಿಜ್ಞಾನ ನಿಜಕ್ಕೂ ಕಂಡುಕೊಂಡದ್ದು ಆ ಮಾತಿಗೆ ಎದುರಾಗಿ ನಿಂತಿದೆ. ಕೋಶ ಎಲ್ಲಿದೆ, ಎಷ್ಟು ಹೊತ್ತು ಅಲ್ಲಿತ್ತು, ಪಕ್ಕದಲ್ಲಿ ಯಾವ ಕೋಶ ಇದೆ, ತಾಯಿಯ ರಕ್ತದಲ್ಲಿ ಏನು ಹರಿದು ಬರುತ್ತಿದೆ ಎಂಬುದರ ಮೇಲೆ ಯಾವ ಜೀನ್ ಏಳಬೇಕು, ಯಾವುದು ಮಲಗಬೇಕು ಎಂಬುದು ತೀರ್ಮಾನವಾಗುತ್ತದೆ. ಹೀಗಿರುವಾಗ "ಯಾರ ರಕ್ತದಿಂದ ಬಂತು" ಎಂಬ ಪ್ರಶ್ನೆಗಿಂತ "ಯಾವ ವಾರದಲ್ಲಿ, ಯಾವ ಕೊರತೆಯಿಂದ" ಎಂಬ ಪ್ರಶ್ನೆ ದೊಡ್ಡದು. ಅದನ್ನು ಕೇಳಲು ಶುರು ಮಾಡಿದರೆ ನಮ್ಮ ಒಳ್ಳೆಯ ಮನಸ್ಸಿನ ಸರ್ಕಾರಿ ಯೋಜನೆಗಳೂ ತಡವಾಗಿ ಬಾಗಿಲು ತಟ್ಟುತ್ತಿರುವುದು ಕಾಣುತ್ತದೆ.

ಮೊದಲು ಆ ವಾರಗಳನ್ನು ಹತ್ತಿರದಿಂದ ನೋಡೋಣ. ಗರ್ಭ ಕಟ್ಟಿದ ಮೂರನೆಯ ವಾರದಲ್ಲಿ ಭ್ರೂಣವೆಂದರೆ ಒಂದೆರಡು ಮಿಲಿಮೀಟರ್ ಉದ್ದದ ತೆಳು ತಟ್ಟೆ. ಅದರ ಬೆನ್ನ ಕಡೆಯ ಒಂದು ಪಟ್ಟಿ ದಪ್ಪಗಾಗುತ್ತದೆ. ಅಂಚುಗಳು ಮೇಲೆದ್ದು, ನಡುವಿಗೆ ಬಾಗಿ, ಒಂದಕ್ಕೊಂದು ಕೂಡಿಕೊಂಡು ಕೊಳವೆಯಾಗುತ್ತವೆ. ಇದೇ ನರನಾಳ. ಮೇಲಿನ ಭಾಗ ಮೆದುಳಾಗುತ್ತದೆ, ಉಳಿದದ್ದು ಬೆನ್ನುಹುರಿ. ಮೇಲಿನ ಬಾಯಿ ಸುಮಾರು 25ನೆಯ ದಿನಕ್ಕೆ, ಕೆಳಗಿನ ಬಾಯಿ ಸುಮಾರು 28ನೆಯ ದಿನಕ್ಕೆ ಮುಚ್ಚಿಕೊಳ್ಳುತ್ತದೆ. ಮೇಲೆ ಮುಚ್ಚದಿದ್ದರೆ ಮೆದುಳು, ತಲೆಬುರುಡೆ ಬೆಳೆಯದ ಶಿಶು, ಅದು ಬದುಕುವುದಿಲ್ಲ. ಕೆಳಗೆ ಮುಚ್ಚದಿದ್ದರೆ ಸ್ಪೈನಾ ಬಿಫಿಡಾ, ಅಂದರೆ ಆ ಬೆನ್ನ ಗಂಟು. ಮಗು ಬದುಕಬಹುದು, ಆದರೆ ಕಾಲಿನ ಬಲ, ಮೂತ್ರದ ಹಿಡಿತ, ತಲೆಯಲ್ಲಿ ತುಂಬುವ ನೀರು ಎಲ್ಲದರೊಂದಿಗೂ ಜೀವಮಾನವಿಡೀ ಸೆಣಸಬೇಕು.

ನಾಳದ ಒಳಗೋಡೆಯ ಕೋಶಗಳು ಮೊದಲಿಗೆ ನೋಡಲು ಒಂದೇ ತರಹ. ಪ್ರತಿಯೊಂದರಲ್ಲೂ ಅವೇ ಜೀನ್‌ಗಳು. ಇವುಗಳಲ್ಲಿ ಕೆಲವು ಸ್ನಾಯುಗಳನ್ನು ಕುಣಿಸುವ ಚಾಲಕ ನರಕೋಶಗಳಾಗಬೇಕು, ಕೆಲವು ಎಡಗಾಲು ಬಲಗಾಲುಗಳ ಸರದಿ ಹೊಂದಿಸಬೇಕು, ಬೆನ್ನ ಕಡೆಯವು ನೋವು, ಬಿಸಿ, ಸ್ಪರ್ಶದ ಸುದ್ದಿಯನ್ನು ತಗೊಂಡು ಮುಂದಕ್ಕೆ ದಾಟಿಸಬೇಕು. ಈ ಹಂಚಿಕೆ ಶುರುವಾಗುವುದು ಹೊರಗಿನಿಂದ. ನಾಳದ ಕೆಳಗೆ, ಹೊಟ್ಟೆಯ ಕಡೆ, ನೋಟೋಕಾರ್ಡ್ ಎಂಬ ಮೆದು ದಂಡವೊಂದು ಉದ್ದಕ್ಕೂ ಮಲಗಿರುತ್ತದೆ. ಅದು ಸಾನಿಕ್ ಹೆಜ್‌ಹಾಗ್ ಎಂಬ ಪ್ರೋಟೀನನ್ನು ಒಸರುತ್ತದೆ. ಹೆಜ್‌ಹಾಗ್ ಜೀನ್ ಮೊದಲು ಸಿಕ್ಕಿದ್ದು ಹಣ್ಣುನೊಣದಲ್ಲಿ. ಕ್ರಿಸ್ಟಿಯಾನೆ ನ್ಯೂಸ್‌ಲೈನ್-ಫೋಲ್ಹಾರ್ಡ್ ಮತ್ತು ಎರಿಕ್ ವೀಶೌಸ್ 1980ರಲ್ಲಿ ಅದನ್ನು ಗುರುತಿಸಿದರು, ಆ ಕೆಲಸಕ್ಕೆ 1995ರಲ್ಲಿ ನೊಬೆಲ್ ಬಂತು. ಬೆನ್ನೆಲುಬಿನ ಪ್ರಾಣಿಗಳಲ್ಲಿ ಅದರ ಬಂಧು ಪತ್ತೆಯಾದದ್ದು 1993ರಲ್ಲಿ. ವಿಡಿಯೊ ಆಟದ ಪಾತ್ರವೊಂದರ ಹೆಸರು ಅದಕ್ಕೆ ಅಂಟಿಕೊಂಡಿತು. ನೋಟೋಕಾರ್ಡಿಗೆ ಹತ್ತಿರವಿರುವ ಕೋಶಕ್ಕೆ ಈ ಪ್ರೋಟೀನ್ ಹೆಚ್ಚು ಸಿಗುತ್ತದೆ, ದೂರದ್ದಕ್ಕೆ ಕಡಿಮೆ. ನಾಳದ ಮೇಲ್ತುದಿಯಿಂದ ಬಿಎಂಪಿ ಮತ್ತು ವಿಂಟ್ ಎಂಬ ಬೇರೆ ಸಂಕೇತಗಳು ಇಳಿಯುತ್ತವೆ. ಎರಡೂ ಪಕ್ಕದ ಅಂಗಾಂಶದಿಂದ ರೆಟಿನಾಯಿಕ್ ಆಮ್ಲ ಬರುತ್ತದೆ, ಅದು ತಾಯಿ ಉಣ್ಣುವ ವಿಟಮಿನ್ ಎ ಯಿಂದ ತಯಾರಾದದ್ದು.

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಜೆಸ್ಸೆಲ್ ಮತ್ತು ಅವರ ಜೊತೆಗಾರರು 1990ರ ದಶಕದಲ್ಲಿ ಕೋಳಿ ಭ್ರೂಣದ ನರ ಅಂಗಾಂಶದ ಚೂರುಗಳನ್ನು ತಟ್ಟೆಯಲ್ಲಿಟ್ಟು ಈ ಪ್ರೋಟೀನಿನ ಪ್ರಮಾಣವನ್ನು ಎರಡು ಮೂರು ಪಟ್ಟಿನಷ್ಟು ಏರಿಸುತ್ತ ಹೋದರು. ಒಂದೊಂದು ಪ್ರಮಾಣಕ್ಕೆ ಒಂದೊಂದು ಬಗೆಯ ನರಕೋಶ ಹುಟ್ಟಿತು. ಭ್ರೂಣದೊಳಗೆ ಇನ್ನೊಂದು ನೋಟೋಕಾರ್ಡನ್ನು ತಂದು ನಾಳದ ಪಕ್ಕಕ್ಕೆ ಕಸಿ ಮಾಡಿದರೆ, ಎಂದೂ ಚಾಲಕ ನರಕೋಶ ಹುಟ್ಟದ ಜಾಗದಲ್ಲಿ ಅವು ಹುಟ್ಟಿದವು. ನೋಟೋಕಾರ್ಡನ್ನು ತೆಗೆದರೆ ಹುಟ್ಟಬೇಕಾದ ಜಾಗದಲ್ಲೂ ಹುಟ್ಟಲಿಲ್ಲ. ಕೋಶಗಳ ಜೀನ್‌ಗಳಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಬದಲಾದದ್ದು ನೆರೆ.

ಕೋಶದ ಒಳಗೆ ನಡೆಯುವುದು ಇನ್ನೂ ಸೊಗಸಾದದ್ದು. ಸಾನಿಕ್ ಹೆಚ್ಚು ಸಿಕ್ಕ ಕೋಶದಲ್ಲಿ ಎನ್‌ಕೆಎಕ್ಸ್-2.2 ಎಂಬ ಜೀನ್ ಏಳುತ್ತದೆ, ಎದ್ದ ಕೂಡಲೇ ಪ್ಯಾಕ್ಸ್-6 ಅನ್ನು ಅದುಮುತ್ತದೆ. ಪ್ಯಾಕ್ಸ್-6 ಬಲವಾಗಿರುವಲ್ಲಿ ಅದು ತಿರುಗಿ ಅದುಮುತ್ತದೆ. ಆಲಿಗ್-2, ಐಆರ್‌ಎಕ್ಸ್-3 ಎಂಬ ಇನ್ನೊಂದು ಜೋಡಿಯ ನಡುವೆಯೂ ಇದೇ ತಳ್ಳಾಟ. ಮಸುಕಾಗಿದ್ದ ಏರಿಳಿತ ಈ ತಳ್ಳಾಟದಿಂದಲೇ ಸ್ಪಷ್ಟ ಗಡಿಗಳಾಗುತ್ತದೆ. ಬೆನ್ನುಹುರಿಯ ಅಡ್ಡಸೀಳಿನಲ್ಲಿ ಹೊಟ್ಟೆಯ ಕಡೆ ಐದು, ಬೆನ್ನ ಕಡೆ ಆರು, ಒಟ್ಟು ಹನ್ನೊಂದು ಪಟ್ಟಿಗಳು ಮೂಡುತ್ತವೆ. ಒಂದೊಂದು ಪಟ್ಟಿಯಿಂದ ಒಂದೊಂದು ಬಗೆಯ ನರಕೋಶ. ಪಟ್ಟಿಯೊಳಗೂ ಎಲ್ಲ ಕೋಶಗಳು ಒಟ್ಟಿಗೆ ನರಕೋಶಗಳಾಗುವುದಿಲ್ಲ. ಮೊದಲು ಹೊರಟ ಕೋಶ ತನ್ನ ಮೈಮೇಲಿನ ಡೆಲ್ಟಾ ಎಂಬ ಪ್ರೋಟೀನಿನಿಂದ ಪಕ್ಕದವುಗಳ ನಾಚ್ ಎಂಬ ಗ್ರಾಹಕವನ್ನು ತಟ್ಟಿ, ಈಗಲೇ ಬೇಡ ಎಂದು ತಡೆಯುತ್ತದೆ. ಹೀಗೆ ಉಳಿದ ಕೋಶಗಳು ಮುಂದಿನ ಸರದಿಗೆ ಬೇಕಾಗುತ್ತವೆ. ಆಲಿಗ್-2 ಮೊದಲ ಸರದಿಯಲ್ಲಿ ಚಾಲಕ ನರಕೋಶ ಕಟ್ಟಿಸುತ್ತದೆ, ಆಮೇಲೆ ಅದೇ ಪಟ್ಟಿಯಲ್ಲಿ ಅದೇ ಆಲಿಗ್-2 ನರಗಳಿಗೆ ಹೊದಿಕೆ ಹಾಕುವ ಕೋಶಗಳನ್ನು ಕಟ್ಟಿಸುತ್ತದೆ. ಒಂದೇ ಜೀನ್, ಎರಡು ಕಾಲ, ಎರಡು ಕೆಲಸ. ಇಂಥದ್ದನ್ನು "ಇಂಥ ಗುಣಕ್ಕೆ ಇಂಥ ಜೀನ್" ಎಂಬ ನಮ್ಮ ಟಿವಿ ಚರ್ಚೆಗಳ ಮಾತಿನಲ್ಲಿ ಹಿಡಿಯಲು ಆಗುವುದಿಲ್ಲ.

ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುವವರನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ನಕ್ಷೆ ಬರೆದುಕೊಳ್ಳುವ ಪದ್ಧತಿ ಅಲ್ಲಿಲ್ಲ. ಗೋಪುರವಿರಲಿ, ತೇರಿರಲಿ, ಆನೆಯಿರಲಿ, ಎಳೆ ಎಣಿಸಿಯೇ ಹಾಕಬೇಕು. ಹಿಂದಿನ ಹೊಲಿಗೆ ಎಲ್ಲಿ ಬಿತ್ತೋ ಅದರಿಂದ ಮುಂದಿನದು. ಗವಂತಿ ಹೊಲಿಗೆ ಹಾಕುತ್ತ ಒಂದು ಎಳೆ ತಪ್ಪಿದರೆ ಹಿಂತಿರುಗುವಾಗ ಇಡೀ ಗೆರೆ ಕೂಡುವುದಿಲ್ಲ. ತಪ್ಪಿದ್ದು ಮೊದಲಲ್ಲೇ ಆದರೆ ಬಿಚ್ಚಿ ಮತ್ತೆ ಹಾಕಬಹುದು, ತೇರು ಮುಗಿದ ಮೇಲೆ ಆಗದು. ಬೆನ್ನುಹುರಿಯ ಕೋಶಗಳೂ ಹೀಗೆ ಪಕ್ಕದ್ದನ್ನು ಎಣಿಸಿಕೊಂಡೇ ಜಾಗ ಹಿಡಿಯುತ್ತವೆ.

ಬಾದಾಮಿಯ ಮೊದಲನೆಯ ಗುಹೆಯ ಬಾಗಿಲ ಪಕ್ಕದ ಬಂಡೆಯಲ್ಲಿ 18 ಕೈಗಳ ನಟರಾಜನಿದ್ದಾನೆ. ಎಡಬಲದ ಒಂಬತ್ತೊಂಬತ್ತು ಕೈಗಳನ್ನು ಜೋಡಿಸುತ್ತ ಹೋದರೆ 81 ಭಂಗಿಗಳಾಗುತ್ತವೆ ಎಂದು ಗೈಡ್‌ಗಳು ತೋರಿಸುತ್ತಾರೆ. ಆರನೆಯ ಶತಮಾನದ ಶಿಲ್ಪಿ ಪ್ರತಿ ಕೈಯನ್ನೂ ಹೆಗಲಿನಿಂದ ಎಷ್ಟು ಸಹಜವಾಗಿ ಹೊರಡಿಸಿದ್ದಾನೆಂದರೆ, ಯಾವುದೂ ಅಂಟಿಸಿದಂತೆ ಕಾಣುವುದಿಲ್ಲ. ಅದರ ಮುಂದೆ ನಿಂತಾಗಲೆಲ್ಲ ನನಗೊಂದು ಪ್ರಶ್ನೆ ಏಳುತ್ತದೆ. ಹೆಚ್ಚಿನ ಕೈ ಮೂಡಿದರೆ ಅದಕ್ಕೆ ನರ ಎಲ್ಲಿಂದ ಬರಬೇಕು?

ಉತ್ತರ ಕೋಳಿಮೊಟ್ಟೆಯೊಳಗೆ ಸಿಕ್ಕಿದೆ. 1934ರಲ್ಲಿ ವಿಕ್ಟರ್ ಹ್ಯಾಂಬರ್ಗರ್ ಭ್ರೂಣದ ರೆಕ್ಕೆಯ ಮೊಳಕೆಯನ್ನು ಕಿತ್ತು ನೋಡಿದರು. ಆ ಕಡೆಯ ಬೆನ್ನುಹುರಿಯಲ್ಲಿ ಚಾಲಕ ನರಕೋಶಗಳು ತೆಳುವಾಗಿದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಟಲಿಯ ರೀಟಾ ಲೆವಿ-ಮೊಂಟಾಲ್ಚಿನಿ, ಯೆಹೂದಿ ಎಂಬ ಕಾರಣಕ್ಕೆ ಕೆಲಸ ಕಳೆದುಕೊಂಡು ಮನೆಯ ಕೋಣೆಯಲ್ಲೇ ಪ್ರಯೋಗ ನಡೆಸುತ್ತಿದ್ದಾಗ, ಅದರ ಕಾರಣ ಕಂಡರು. ನರಕೋಶಗಳು ಹುಟ್ಟದೆ ಇದ್ದದ್ದಲ್ಲ, ಹುಟ್ಟಿದ ಮೇಲೆ ಸತ್ತಿದ್ದವು. ನರಕೋಶಗಳನ್ನು ಬದುಕಿಸುವ ಅಂಶದ ಪತ್ತೆಗೆ 1986ರಲ್ಲಿ ಅವರಿಗೆ ನೊಬೆಲ್ ಬಂತು. ಕೋಳಿಯ ಬೆನ್ನುಹುರಿ ಬೇಕಾದ್ದಕ್ಕಿಂತ ಸುಮಾರು ಎರಡು ಪಟ್ಟು ಚಾಲಕ ನರಕೋಶಗಳನ್ನು ಹುಟ್ಟಿಸುತ್ತದೆ, ಸ್ನಾಯು ಸಿಕ್ಕವು ಉಳಿಯುತ್ತವೆ, ಉಳಿದವು ಸಾಯುತ್ತವೆ. 1976ರಲ್ಲಿ ಮಾರ್ಗರೆಟ್ ಹೊಲಿಡೇ ಮತ್ತು ಹ್ಯಾಂಬರ್ಗರ್ ಭ್ರೂಣಕ್ಕೆ ಹೆಚ್ಚಿನ ಕಾಲೊಂದನ್ನು ಕಸಿ ಮಾಡಿದಾಗ, ಸಾಯಬೇಕಾಗಿದ್ದ ಅನೇಕ ನರಕೋಶಗಳು ಬದುಕಿದವು. ಹಾಗೆಂದು ಜೀನ್‌ಗಳಿಗೆ ಇಲ್ಲಿ ಕೆಲಸವಿಲ್ಲ ಎಂದಲ್ಲ. ಬೆನ್ನುಹುರಿಯ ಯಾವ ಮಟ್ಟದಲ್ಲಿ ಕೈಯ ನರಕೋಶ, ಯಾವ ಮಟ್ಟದಲ್ಲಿ ಕಾಲಿನದು ಎಂಬುದನ್ನು ಹಾಕ್ಸ್ ಜೀನ್‌ಗಳು ನಿಗದಿ ಮಾಡುತ್ತವೆ. ಹಾಕ್ಸ್-ಸಿ-9 ಇಲ್ಲದ ಇಲಿಯಲ್ಲಿ ಎದೆಯ ಮಟ್ಟದ ಬೆನ್ನುಹುರಿಯೂ ಕೈಗೆ ಬೇಕಾದಂಥ ನರಕೋಶಗಳನ್ನು ಕಟ್ಟುತ್ತದೆ. ಆದರೆ ಕೊನೆಗೆ ಎಷ್ಟು ಉಳಿಯಬೇಕು ಎಂಬ ಲೆಕ್ಕ ಜೀನ್‌ಗಳಲ್ಲಿ ಮೊದಲೇ ಮುಗಿದಿರುವುದಿಲ್ಲ. ಕೈ ಬಂದು ಕೇಳಿದ ಮೇಲೆ ಅದು ತೀರ್ಮಾನವಾಗುತ್ತದೆ.

"ಸರಿ, ಆದರೆ ಜೀನೇ ಕೆಟ್ಟಿದ್ದರೆ?" ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮನುಷ್ಯರಲ್ಲಿ ಸಾನಿಕ್ ಹೆಜ್‌ಹಾಗ್ ಜೀನ್ ಕೆಟ್ಟ ಕುಟುಂಬಗಳನ್ನು 1996ರಿಂದ ಗುರುತಿಸಲಾಗಿದೆ. ಅಂಥ ಒಂದೇ ಮನೆಯಲ್ಲಿ, ಅದೇ ಒಂದು ದೋಷವನ್ನು ಹೊತ್ತವರಲ್ಲಿ, ಒಬ್ಬರಿಗೆ ಮುಂಮೆದುಳು ಎರಡು ಭಾಗವಾಗದೆ ತೀವ್ರ ಅಂಗವೈಕಲ್ಯ. ಇನ್ನೊಬ್ಬರಿಗೆ ಮೇಲ್ದವಡೆಯ ನಡುವೆ ಎರಡರ ಬದಲು ಒಂದೇ ಹಲ್ಲು. ಮತ್ತೊಬ್ಬರಲ್ಲಿ ಏನೂ ಕಾಣುವುದಿಲ್ಲ. ನರನಾಳದ ವಿಷಯದಲ್ಲಿ ಇಲಿಗಳು ಇನ್ನೂ ನೇರವಾಗಿ ಉತ್ತರಿಸಿವೆ. ಕೆಟ್ಟರೆ ನಾಳ ಮುಚ್ಚದಂತೆ ಮಾಡುವ ಮುನ್ನೂರಕ್ಕೂ ಹೆಚ್ಚು ಜೀನ್‌ಗಳು ಇಲಿಗಳಲ್ಲಿ ಸಿಕ್ಕಿವೆ. ಅವುಗಳಲ್ಲೊಂದು ಪ್ಯಾಕ್ಸ್-3. ಅದು ಕೆಟ್ಟ ಸ್ಪ್ಲಾಚ್ ಎಂಬ ಇಲಿಗಳ ಭ್ರೂಣಗಳಿಗೆ ಫೋಲಿಕ್ ಆಮ್ಲ ಕೊಟ್ಟಾಗ ನಾಳ ಮುಚ್ಚದ ಪ್ರಕರಣಗಳು ಕಡಿಮೆಯಾದವು. ಕೆಟ್ಟ ಜೀನ್ ಕೆಟ್ಟೇ ಇತ್ತು, ಬೆನ್ನು ಮುಚ್ಚಿತು. ಕರ್ಲಿ ಟೇಲ್ ಎಂಬ ಇನ್ನೊಂದು ತಳಿಗೆ ಫೋಲಿಕ್ ಆಮ್ಲ ಕೆಲಸ ಮಾಡಲಿಲ್ಲ, ಇನಾಸಿಟಾಲ್ ಎಂಬ ಬೇರೊಂದು ಪೋಷಕ ಮಾಡಿತು. ಎರಡನ್ನೂ ಹೇಳುವುದು ನ್ಯಾಯ. ಏಕೆಂದರೆ ಒಂದೇ ಗುಳಿಗೆಯಿಂದ ಎಲ್ಲವನ್ನೂ ತಡೆಯಲಾಗದು, ತಡೆಯಬಹುದಾದದ್ದನ್ನು ಬಿಡಲೂ ಬಾರದು.

ಜೀನಿನ ಮಾತು ನಿಜಕ್ಕೂ ಭಾರವಾಗಿರುವ ರೋಗಗಳೂ ಇವೆ, ಅದನ್ನು ಮುಚ್ಚಿಟ್ಟು ವಾದ ಗೆಲ್ಲುವುದು ನನಗೆ ಬೇಡ. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿಯಲ್ಲಿ ಬೆನ್ನುಹುರಿ ಸರಿಯಾಗಿಯೇ ಕಟ್ಟಿಕೊಂಡಿರುತ್ತದೆ, ಆಮೇಲೆ ಚಾಲಕ ನರಕೋಶಗಳು ಒಂದೊಂದಾಗಿ ನಶಿಸುತ್ತವೆ. ಐದನೆಯ ವರ್ಣತಂತುವಿನಲ್ಲಿರುವ ಎಸ್‌ಎಂಎನ್-1 ಜೀನಿನ ಎರಡೂ ಪ್ರತಿಗಳು ಇಲ್ಲವಾದಾಗ ಇದು ಬರುತ್ತದೆ. ತಾಯಿ ತಂದೆ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದರ ಸಾಧ್ಯತೆ. ಇಲ್ಲಿ ಅಕ್ಕನ ಮಗಳನ್ನೋ ಸೋದರತ್ತೆಯ ಮಗನನ್ನೋ ಮದುವೆಯಾಗುವ ನಮ್ಮ ರೂಢಿ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಒಂದೇ ಅಜ್ಜನಿಂದ ಬಂದ ದೋಷದ ಪ್ರತಿ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಸಂಬಂಧದೊಳಗಿನವು. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಆಲನ್ ಬಿಟಲ್ಸ್ ಸೇರಿದ ತಂಡ ಕರ್ನಾಟಕದ ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತ ಪರೀಕ್ಷೆಯ ಮೂಲಕ ಇಂಥ ಪ್ರಶ್ನೆಗಳನ್ನು ಹತ್ತಿರದಿಂದ ನೋಡಿತ್ತು. ಈ ರೋಗದಲ್ಲೂ ಎಸ್‌ಎಂಎನ್-2 ಎಂಬ ಪಕ್ಕದ ಜೀನಿನ ಪ್ರತಿಗಳು ಎಷ್ಟಿವೆ ಎಂಬುದರ ಮೇಲೆ ತೀವ್ರತೆ ಬದಲಾಗುತ್ತದೆ, 2016ರಿಂದ ಔಷಧಗಳೂ ಬಂದಿವೆ. ಆದರೆ ಒಂದು ಡೋಸಿಗೆ ಸುಮಾರು 16 ಕೋಟಿ ರೂಪಾಯಿಯ ಔಷಧಕ್ಕಾಗಿ ತಾಯಿ ತಂದೆಯರು ಊರೂರು ದೇಣಿಗೆ ಕೇಳುವುದನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿದ್ದೇವೆ. ಸಂಬಂಧದಲ್ಲಿ ಮದುವೆ ಮಾಡುವ ಮನೆಗಳಿಗೆ ಮುಂಚಿತ ಜೀನ್ ಸಲಹೆ ಸಿಗಬೇಕು ಎಂಬುದರಲ್ಲಿ ಎರಡು ಮಾತಿಲ್ಲ.

ತಕರಾರು ಇರುವುದು ಇಂಥ ರೋಗವನ್ನೂ ನರನಾಳದ ದೋಷವನ್ನೂ ಒಂದೇ ಗಂಟಿಗೆ ಕಟ್ಟುವುದರಲ್ಲಿ. ಬೆನ್ನ ಗಂಟಿನ ಮಗುವನ್ನು ಕಂಡ ಕೂಡಲೇ "ಅಕ್ಕನ ಮಗಳನ್ನ ಮಾಡ್ಕೊಂಡರ ಹಿಂಗ ಆಗೂದು" ಎಂದು ಷರಾ ಬರೆದುಬಿಡುವವರಲ್ಲಿ ಓದಿದವರೇ ಹೆಚ್ಚು. ದಾವಣಗೆರೆಯ ಮಕ್ಕಳ ತಜ್ಞ ಎಂ.ಎಲ್. ಕುಲಕರ್ಣಿ ಮತ್ತು ಜೊತೆಗಾರರು 1980ರ ದಶಕದಲ್ಲಿ ನಡೆಸಿ 1989ರಲ್ಲಿ ವಿವರವಾಗಿ ಪ್ರಕಟಿಸಿದ ಅಧ್ಯಯನದಲ್ಲಿ ಸಾವಿರ ಹೆರಿಗೆಗೆ 11.4 ನರನಾಳ ದೋಷದ ಪ್ರಕರಣಗಳು ಸಿಕ್ಕಿದ್ದವು. ಜಗತ್ತಿನಲ್ಲೇ ಹೆಚ್ಚಿನ ಪ್ರಮಾಣಗಳಲ್ಲಿ ಅದೂ ಒಂದು. ರಕ್ತಸಂಬಂಧದ ಮದುವೆಯತ್ತ ಆ ಅಧ್ಯಯನವೂ ಗಮನ ಸೆಳೆಯಿತು. ನಾನು ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಒಮ್ಮೆ ಇಂಥ ಮಗು ಹುಟ್ಟಿದ ದಂಪತಿಗೆ ಮುಂದಿನ ಮಗುವಿನಲ್ಲಿ ಅದು ಮರುಕಳಿಸುವ ಸಾಧ್ಯತೆ ಸಾಮಾನ್ಯವಾಗಿ ನೂರಕ್ಕೆ ಎರಡರಿಂದ ಐದು. ನಾಲ್ಕರಲ್ಲಿ ಒಂದು ಎಂಬ ಲೆಕ್ಕಕ್ಕೆ ಇದು ಎಲ್ಲಿಯೂ ಹತ್ತಿರವಿಲ್ಲ. ಹಲವು ಜೀನ್‌ಗಳ ಸಣ್ಣ ಸಣ್ಣ ಒಲವು, ಅದರ ಮೇಲೆ ಪೋಷಣೆಯ ಕೊರತೆ, ಜ್ವರ, ಸಕ್ಕರೆ ಕಾಯಿಲೆ, ಕೆಲವು ಔಷಧಗಳು, ಎಲ್ಲ ಕೂಡಿ ಆಗುವ ಅನಾಹುತ ಇದು. ಇವುಗಳಲ್ಲಿ ನಮ್ಮ ಕೈಗೆ ಸುಲಭವಾಗಿ ಎಟುಕುವುದು ಪೋಷಣೆ.

ಆ ಕಥೆಗೆ ನಮ್ಮ ನೆಲದ ನಂಟೂ ಇದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬೈಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಸುರಿಯರನ್ನು ಕೊಲ್ಲುತ್ತಿದ್ದ ರಕ್ತಹೀನತೆಯ ಬೆನ್ನು ಹತ್ತಿದರು. ಆಗ ಬಾಗಲಕೋಟೆ, ಬಾದಾಮಿ, ಹುನಗುಂದಗಳೂ ಬಿಜಾಪುರ ಜಿಲ್ಲೆಯ ಭಾಗವಾಗಿ ಮುಂಬೈ ಪ್ರಾಂತದಲ್ಲೇ ಇದ್ದವು. ಯೀಸ್ಟಿನ ಸಾರದಿಂದ ಆ ರಕ್ತಹೀನತೆ ವಾಸಿಯಾಗುತ್ತದೆಂದು ಅವರು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಅಂಶವನ್ನು ಹತ್ತು ವರ್ಷದ ಮೇಲೆ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. ಕೋಶ ಒಡೆದು ಎರಡಾಗುವಾಗ ಹೊಸ ಡಿಎನ್‌ಎ ಕಟ್ಟಲು ಅದು ಬೇಕು. ಯಾವ ಜೀನ್ ಮಲಗಬೇಕೆಂದು ಗುರುತು ಹಾಕುವ ಮೀಥೈಲ್ ತುಣುಕುಗಳನ್ನು ಒದಗಿಸಲೂ ಬೇಕು. ನರನಾಳ ಮಡಚಿಕೊಳ್ಳುವ ದಿನಗಳಲ್ಲಿ ಎರಡು ಕೆಲಸವೂ ಭರದಿಂದ ನಡೆಯುತ್ತಿರುತ್ತವೆ. 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳ 33 ಕೇಂದ್ರಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ ಬಂತು. ಹಿಂದೆ ಇಂಥ ಮಗು ಹೆತ್ತ ತಾಯಂದಿರಿಗೆ ಗರ್ಭಕ್ಕೆ ಮುಂಚಿನಿಂದ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲ ಕೊಟ್ಟರೆ ಮರುಕಳಿಸುವುದು ನೂರಕ್ಕೆ 72ರಷ್ಟು ತಗ್ಗಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಆಗಲೇ ಇಲ್ಲಿ ನಡೆಸುತ್ತಿದ್ದ ಇಂಥದೇ ಪ್ರಯೋಗವನ್ನು ಈ ಸುದ್ದಿ ಬಂದ ಮೇಲೆ ನಡುವೆಯೇ ನಿಲ್ಲಿಸಿತು. ಇಷ್ಟು ಸ್ಪಷ್ಟವಾದ ಉತ್ತರ ಸಿಕ್ಕ ಮೇಲೆ ಯಾರಿಗೂ ಬರಿಯ ಗುಳಿಗೆ ಕೊಡುವುದು ಧರ್ಮವಲ್ಲ ಎಂಬುದೇ ಕಾರಣ.

ಈಗ ನಮ್ಮ ಊರಿನ ಕ್ಯಾಲೆಂಡರ್ ಇಟ್ಟುಕೊಂಡು ನೋಡಿ. ಮುಟ್ಟು ಎರಡು ವಾರ ತಪ್ಪಿತೆಂದು ಹುಡುಗಿ ಗಂಡನಿಗೆ ಹೇಳುವ ಹೊತ್ತಿಗೆ ನಾಳ ಮುಚ್ಚಿರುತ್ತದೆ, ಇಲ್ಲವೇ ಮುಚ್ಚದೆ ಉಳಿದಿರುತ್ತದೆ. ಅತ್ತೆಗೆ ಗೊತ್ತಾಗಿ, ಆಶಾ ಕಾರ್ಯಕರ್ತೆ ಬಂದು, ತಾಯಿ ಕಾರ್ಡ್ ಆಗುವಾಗ ಎರಡು ಮೂರು ತಿಂಗಳು. 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯ ಬಿಸಿಯೂಟ ಅದಾದ ಮೇಲೆ. ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಕೆಂಪು ಗುಳಿಗೆ ನಾಲ್ಕನೆಯ ತಿಂಗಳಿಂದ. ಹಸಿರು ಸೀರೆ, ಹಸಿರು ಬಳೆಯ ಕುಬಸ ಅದಕ್ಕೂ ಆಮೇಲೆ. ಗ್ರಹಣದ ದಿನ ಒಳಗೆ ಕೂರಿಸುವುದೂ ಬಸಿರು ಊರಿಗೆ ಗೊತ್ತಾದ ಮೇಲೆಯೇ. ಹಿರಿಯರಿಗೆ ನಾನು ಇಷ್ಟನ್ನೇ ವಿನಯದಿಂದ ಹೇಳಬಯಸುತ್ತೇನೆ: ನಿಮ್ಮ ಕಾಳಜಿ ನಿಜವಾದದ್ದು, ಆದರೆ ನೀವು ಕಾಯುವ ಹೊತ್ತಿಗೆ ಬೆನ್ನು ಮುಚ್ಚುವ ಕೆಲಸ ಮುಗಿದುಹೋಗಿರುತ್ತದೆ. ಆರೋಗ್ಯ ಇಲಾಖೆಗೂ ಅದೇ ಮಾತು. ಈ ಯೋಜನೆಗಳಿಂದ ತಾಯಂದಿರ ರಕ್ತಹೀನತೆ ತಗ್ಗುತ್ತದೆ, ಮಗುವಿನ ತೂಕ ಏರುತ್ತದೆ, ಅವು ಬೇಕೇ ಬೇಕು. ನರನಾಳಕ್ಕೆ ಮಾತ್ರ ಅವು ಮುಟ್ಟುವುದಿಲ್ಲ.

ಕಾಗದದ ಮೇಲೆ ಅದಕ್ಕೂ ಉತ್ತರವಿದೆ. ಗರ್ಭಕ್ಕೆ ಮುಂಚಿನಿಂದ ಮೊದಲ ಮೂರು ತಿಂಗಳವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಕೊಡಬೇಕೆಂದು 2018ರ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮವೇ ಹೇಳುತ್ತದೆ. ಆದರೆ ಗರ್ಭಿಣಿಯಲ್ಲದ ಹುಡುಗಿಗೆ ಅದನ್ನು ಕೊಡಲು ಯಾವ ಕಾರ್ಡೂ ಇಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆ ಇದೆಯಲ್ಲ ಎನ್ನುವವರಿದ್ದಾರೆ. ಅದರಲ್ಲಿರುವ ಫೋಲಿಕ್ ಆಮ್ಲ 500 ಮೈಕ್ರೋಗ್ರಾಂ, ರಕ್ತಹೀನತೆಯ ಲೆಕ್ಕದಲ್ಲಿ ಇಟ್ಟದ್ದು. ವಾರಕ್ಕೊಮ್ಮೆ ಕೊಡುವುದಾದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 2,800 ಮೈಕ್ರೋಗ್ರಾಂ. ದಿನದ 400ನ್ನು ಏಳರಿಂದ ಗುಣಿಸಿದರೆ ಬರುವಷ್ಟು. ರೇಷನ್ನಿನ ಸಾರವರ್ಧಿತ ಅಕ್ಕಿಯಲ್ಲಿ ಕಿಲೋಗೆ 75ರಿಂದ 125 ಮೈಕ್ರೋಗ್ರಾಂ ಇರಬೇಕೆಂಬ ನಿಯಮ. ದಿನಕ್ಕೆ ಕಾಲು ಕಿಲೋ ಅಕ್ಕಿ ಉಂಡರೂ 30 ಮೈಕ್ರೋಗ್ರಾಂ ಮುಟ್ಟುವುದು ಕಷ್ಟ. ನಮ್ಮ ಕಡೆಯ ಮುಖ್ಯ ಊಟ ಜೋಳದ ರೊಟ್ಟಿ. ಓಣಿಯ ಗಿರಣಿಯಲ್ಲಿ ಬೀಸುವ ಹಿಟ್ಟಿಗೆ ಯಾವ ಕಾರ್ಖಾನೆಯೂ ವಿಟಮಿನ್ ಬೆರೆಸಲಾರದು. 1998ರಿಂದ ಅಮೆರಿಕ ಕಾರ್ಖಾನೆಯ ಗೋಧಿ ಹಿಟ್ಟಿಗೆ ಬೆರೆಸಿ ಗೆದ್ದ ದಾರಿ ಇಲ್ಲಿಗೆ ಹಾಗೇ ಹೊಂದುವುದಿಲ್ಲ.

ಊಟವೇ ಸಾಲದೇ ಎಂದು ಕೇಳುವ ಗೆಳೆಯರೂ ಇದ್ದಾರೆ. ಬಾದಾಮಿಯ ಬನಶಂಕರಿ ಶಾಕಾಂಬರಿಯೇ. ಜಾತ್ರೆಗೆ ಮುಂಚೆ ಪಲ್ಯದ ಹಬ್ಬದಲ್ಲಿ ಅವಳಿಗೆ 108 ಬಗೆಯ ಪಲ್ಯಗಳ ನೈವೇದ್ಯ. ರೊಟ್ಟಿಯ ಜೊತೆ ಹಸಿ ಮೆಂತೆ ಸೊಪ್ಪು, ಉಳ್ಳಾಗಡ್ಡಿ ತಪ್ಪಲ, ಎಳೆ ಕಡಲೆಯ ಸೊಪ್ಪು, ಮೊಳಕೆ ಹೆಸರುಕಾಳು ತಿನ್ನುವ ಸೀಮೆ ಇದು. ಕುದಿಸಿದರೆ ನಾಶವಾಗುವ ಫೋಲೇಟ್ ಹಸಿ ಸೊಪ್ಪಿನಲ್ಲಿ ಉಳಿಯುತ್ತದೆ, ಆ ರೂಢಿ ಬಿಡಬಾರದು. ಆದರೆ ಬೇಸಿಗೆಯಲ್ಲಿ ಸೊಪ್ಪು ಕಾಣದ ಮನೆಗಳಿವೆ, ಎಲ್ಲರೂ ಉಂಡ ಮೇಲೆ ಕೊನೆಗೆ ಕೂರುವ ಸೊಸೆಯಂದಿರಿದ್ದಾರೆ. ಸೊಪ್ಪಿನ ಫೋಲೇಟ್ ಗುಳಿಗೆಯದಷ್ಟು ಪೂರ್ತಿ ಮೈಗೆ ಹತ್ತುವುದೂ ಇಲ್ಲ. ಮಾಂಸ ಮುಟ್ಟದ ಮನೆಗಳಲ್ಲಿ ವಿಟಮಿನ್ ಬಿ-12 ಕೊರತೆ ಸಾಮಾನ್ಯ. ಬಿ-12 ಇಲ್ಲದಿದ್ದರೆ ಇದ್ದ ಫೋಲೇಟೂ ಕೆಲಸಕ್ಕೆ ಬಾರದ ರೂಪದಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಲು ಮೊಸರು ಸಾಕಷ್ಟಿಲ್ಲದ ಸಸ್ಯಾಹಾರಿ ಬಡ ಮನೆಗೆ ಇದು ಎರಡು ಕಡೆಯ ಪೆಟ್ಟು.

ಹಾಗಾದರೆ ಯಾವಾಗ, ಯಾರು ಕೊಡಬೇಕು? ಯಾವ ಮನೆಯಲ್ಲಿ ನಿಶ್ಚಯವಾಯಿತು, ಯಾವ ಮನೆಯವರು ಇಳಕಲ್‌ಗೆ ಮದುವೆ ಸೀರೆ ತರಲು ಹೋದರು ಎಂಬುದು ಪ್ರತಿ ಊರಿನ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಮದುವೆಯ ಅಕ್ಕಿಕಾಳಿಗೆ ಒಂದು ತಿಂಗಳು ಮೊದಲೇ ಆ ಹುಡುಗಿಯ ಕೈಗೆ ಫೋಲಿಕ್ ಆಮ್ಲದ ಗುಳಿಗೆ ತಲುಪಬೇಕು. ಎರಡನೆಯ ಮಗುವಿಗೆ ಮುಂಚೆಯೂ ಹಾಗೇ. ನೀಲಿ ಗುಳಿಗೆಯ ಪ್ರಮಾಣವನ್ನು 2,800 ಮೈಕ್ರೋಗ್ರಾಮಿಗೆ ಏರಿಸುವ ಬಗ್ಗೆ ನಮ್ಮ ವೈದ್ಯಕೀಯ ಕಾಲೇಜುಗಳು ದನಿಯೆತ್ತಬೇಕು. ಬಾಗಲಕೋಟೆ ನವನಗರದಲ್ಲೇ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿದೆ. ಸುತ್ತಲಿನ ತಾಲ್ಲೂಕುಗಳ ಹೆರಿಗೆಗಳಲ್ಲಿ, ಸತ್ತು ಹುಟ್ಟಿದವನ್ನೂ ಸೇರಿಸಿ, ಇಂಥ ದೋಷ ಎಷ್ಟೆಂದು ವರ್ಷವರ್ಷ ಎಣಿಸುವ ಕೆಲಸಕ್ಕೆ ಅದಕ್ಕಿಂತ ಹತ್ತಿರದ ಸಂಸ್ಥೆ ಸಿಗದು. ಮೂರ್ಛೆರೋಗಕ್ಕೆ ಸೋಡಿಯಂ ವಾಲ್ಪ್ರೊಯೇಟ್ ನುಂಗುವ ಹುಡುಗಿಯರಿಗೆ ಮದುವೆಗೆ ಮುಂಚೆಯೇ ವೈದ್ಯರು ಬೇರೆ ಔಷಧದ ಮಾತಾಡಬೇಕು, ಏಕೆಂದರೆ ಅದರಿಂದ ಸ್ಪೈನಾ ಬಿಫಿಡಾ ಬರುವ ಸಂಭವ ನೂರಕ್ಕೆ ಒಂದೆರಡರಷ್ಟಿದೆ. ತಾವೇ ಆ ಗುಳಿಗೆ ನಿಲ್ಲಿಸುವುದು ಮಾತ್ರ ಅಪಾಯ. ಮೊಡವೆಗೆಂದು ಐಸೊಟ್ರೆಟಿನಾಯಿನ್ ನುಂಗುವವರಿಗೂ ಎಚ್ಚರಿಕೆ ಬೇಕು. ಅದು ವಿಟಮಿನ್ ಎ ಯ ಅದೇ ಬಳಗದ್ದು, ಭ್ರೂಣದ ಸಂಕೇತಗಳ ನಡುವೆ ನುಗ್ಗುತ್ತದೆ.

ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು, ಒಮ್ಮೆ ಇಂಥ ಕೂಸನ್ನು ಹೆತ್ತ ಅಥವಾ ಕಳೆದುಕೊಂಡ ತಾಯಿಯ ಆಸ್ಪತ್ರೆ ಚೀಟಿಯಲ್ಲಿ ಒಂದು ಸಾಲು. ಆಕೆಗೆ ಮುಂದಿನ ಬಸಿರಿಗೆ ಮುಂಚಿನಿಂದಲೇ ಕನಿಷ್ಠ ಹತ್ತು ಪಟ್ಟು ಫೋಲಿಕ್ ಆಮ್ಲ ಬೇಕು. ಅವಳ ತವರಿನ ಬಗ್ಗೆ ಅತ್ತೆಮನೆಯವರು ಆಡುವ ಮಾತಿಗಿಂತ ಆ ಸಾಲನ್ನು ಕನ್ನಡದಲ್ಲಿ, ಓದಲು ಬರುವಂತೆ, ಬರೆದುಕೊಡುವುದು ಹೆಚ್ಚು ಕೆಲಸ ಮಾಡುತ್ತದೆ. ವೈದ್ಯರು ಬರೆದುಕೊಡುವ 5 ಮಿಲಿಗ್ರಾಮಿನ ಆ ಗುಳಿಗೆ ಹುನಗುಂದದ ಬಸ್ ನಿಲ್ದಾಣದ ಎದುರಿನ ಔಷಧದ ಅಂಗಡಿಯಲ್ಲೂ ಸಿಗುತ್ತದೆ. ಬೆಲೆ ಒಂದೆರಡು ರೂಪಾಯಿ.